ಮೇಡಂ, ಒಂದು ಪ್ರಶ್ನೆ: ತರಗತಿಗೆ ಪ್ರೊಜೆಕ್ಟರ್ ಬಂತು, ಮುಂದೇನು?

ಹೈಸ್ಕೂಲು ತರಗತಿಯಲ್ಲಿ ಕಂಪ್ಯೂಟರು, ಮೊಬೈಲು, ಪ್ರೊಜೆಕ್ಟರ್ ಬಳಸುವ ಬಗ್ಗೆ ಏನೇ ಅನುಮಾನ ಇದ್ದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಪತ್ರಗಳು ಚೆನ್ನಾಗಿಯೇ ಬಂದಿವೆ. ನಾನು ಗಣಿತ, ವಿಜ್ಞಾನ ಪಾಠ ಮಾಡುವವಳು. ಉದಾಹರಣೆಗಳು ಆ ಕಡೆಗೇ ವಾಲಿದರೆ ಭಾಷೆ, ಸಮಾಜ ಹೇಳಿಕೊಡುವವರು ಬೇಜಾರು ಮಾಡಿಕೊಳ್ಳಬೇಡಿ. ನಿಮಗೂ ಒಂದೆರಡು ಉತ್ತರ ಇದೆ.

ಮೇಡಂ, ನಾನು ಗಣಿತ ಶಿಕ್ಷಕಿ. ತರಗತಿಗೆ ಪ್ರೊಜೆಕ್ಟರ್ ಹಾಕಿದ ಮೇಲೆ ರಾತ್ರಿಯೆಲ್ಲ ಕೂತು ಸ್ಲೈಡ್ ಮಾಡುತ್ತೇನೆ. ಬಣ್ಣ, ಬಾಣ ಎಲ್ಲ ಇರುತ್ತದೆ. ಮಕ್ಕಳು ಗಲಾಟೆ ಮಾಡದೆ ಬರೆದುಕೊಳ್ಳುತ್ತಾರೆ. ಆದರೆ ಟೆಸ್ಟ್ ಕೊಟ್ಟರೆ, ಬೋರ್ಡಿನ ಮೇಲೆ ಮಾಡುತ್ತಿದ್ದಾಗ ಬರುತ್ತಿದ್ದಷ್ಟೂ ಬರುತ್ತಿಲ್ಲ. ಎಲ್ಲಿ ಎಡವುತ್ತಿದ್ದೇನೆ?
— ಒಂಬತ್ತನೇ ತರಗತಿಯ ಗಣಿತ ಶಿಕ್ಷಕಿ

ಗಲಾಟೆ ಮಾಡದೆ ಬರೆದುಕೊಳ್ಳುತ್ತಾರೆ ಅಂದಿರಲ್ಲ, ಅಲ್ಲೇ.

ಬೋರ್ಡಿನ ಮೇಲೆ ಪ್ರಮೇಯ ಸಾಧಿಸುವಾಗ ನೀವು ಒಂದು ಸಾಲು ಬರೆದು ತಿರುಗಿ ನೋಡುತ್ತೀರಿ. 'ಮುಂದೆ?' ಅನ್ನುತ್ತೀರಿ. ಯಾರೋ ತಪ್ಪು ಹೇಳುತ್ತಾರೆ, ಒರೆಸುತ್ತೀರಿ. ಆ ಹೊತ್ತಿನಲ್ಲಿ ಹಿಂದಿನ ಬೆಂಚಿನವಳು ನೀವಿದ್ದಲ್ಲಿಗೆ ಬಂದು ಮುಟ್ಟುತ್ತಾಳೆ. ಸ್ಲೈಡಿನಲ್ಲಿ ಆರು ಸಾಲು ಒಟ್ಟಿಗೆ ಬಂದು ಬೀಳುತ್ತವೆ. ಯೋಚನೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ಇಳಿಸಿಕೊಳ್ಳುವುದೊಂದೇ ಕೆಲಸ. ಕೈ ನೋಯದ ಕಾರಣ ನಿಮ್ಮ ವೇಗವೂ ಜಾಸ್ತಿ ಆಗಿರುತ್ತದೆ, ಅಲ್ವಾ?

ಹಾಗಾಗಿ ಸಾಧನೆ, ಲೆಕ್ಕ ಬಿಡಿಸುವುದು ಎಲ್ಲ ವಾಪಸ್ ಬೋರ್ಡಿಗೆ ಹೋಗಲಿ. ಬೋರ್ಡಿನ ಕೈಯಲ್ಲಿ ಆಗದ ಕೆಲಸವನ್ನು ಮಾತ್ರ ಪ್ರೊಜೆಕ್ಟರಿಗೆ ಕೊಡಿ. ಬೋರ್ಡಿನ ಮೇಲಿನ ಚಿತ್ರ ಅಲ್ಲಾಡುವುದಿಲ್ಲ. ಗಣಿತದಲ್ಲಿ ಮಕ್ಕಳು ಸಿಕ್ಕಿಹಾಕಿಕೊಳ್ಳುವ ಎಷ್ಟೋ ಜಾಗಗಳಲ್ಲಿ ಚಿತ್ರ ಅಲ್ಲಾಡಲೇಬೇಕು.

ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅನ್ನುವ ಪ್ರಮೇಯ ತಗೊಳ್ಳಿ. ಒಂದು ಚಿತ್ರ ಬರೆದು ಸಾಧಿಸಿದರೆ, ಎಷ್ಟೋ ಮಕ್ಕಳ ತಲೆಯಲ್ಲಿ ಅದು ಆ ಒಂದು ಚಿತ್ರದ ಗುಣವಾಗಿ ಕೂತುಬಿಡುತ್ತದೆ. ಇದಕ್ಕೆ ಜಿಯೋಜಿಬ್ರಾ ತೆಗೆಯಿರಿ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 2001ರಲ್ಲಿ ಶುರು ಮಾಡಿದ, ಗಣಿತದ ಚಿತ್ರಗಳನ್ನು ಎಳೆದಾಡಿ ನೋಡುವ ಸಾಫ್ಟ್‌ವೇರ್ ಅದು. ತರಗತಿಯಲ್ಲಿ ಬಳಸಲು ದುಡ್ಡು ಕೊಡಬೇಕಿಲ್ಲ. ಒಂದು ವೃತ್ತ, ಅದರ ವ್ಯಾಸ ಎಬಿ, ವೃತ್ತದ ಮೇಲೆ ಸಿ ಅನ್ನುವ ಬಿಂದು. ಸಿಯಲ್ಲಿನ ಕೋನದ ಅಳತೆ ಬರುವ ಹಾಗೆ ಮಾಡಿ, ಆದರೆ ಅದನ್ನು ಮುಚ್ಚಿಡಿ. 'ಸಿಯನ್ನು ಎ ಹತ್ತಿರ ಎಳೆದರೆ ಕೋನ ಹಿಗ್ಗುತ್ತಾ, ಕುಗ್ಗುತ್ತಾ, ಹಾಗೇ ಇರುತ್ತಾ?' ಅಂತ ಕೇಳಿ. ಬಾಯಲ್ಲಿ ಹೇಳಿಸಬೇಡಿ. ಜಾಣರು ಕೂಗಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಆಮೇಲೆ ಅಳತೆ ತೆರೆದಿಟ್ಟು ಎಳೆಯಿರಿ.

90 ಅಲ್ಲಾಡುವುದಿಲ್ಲ. ಅಷ್ಟಕ್ಕೇ ನಿಲ್ಲಿಸಬೇಡಿ, ಮಜಾ ಇರುವುದು ಇನ್ನು ಮುಂದೆ. 'ಬಿಂದುವನ್ನು ವೃತ್ತದ ಒಳಗೆ ತಂದರೆ? ಹೊರಗೆ ಒಯ್ದರೆ?' ವೃತ್ತಕ್ಕೆ ಅಂಟಿಸಿದ ಸಿ ಹೊರಗೆ ಬರುವುದಿಲ್ಲ. ಅದಕ್ಕೆ ಡಿ ಅಂತ ಒಂದು ಬಿಡಿ ಬಿಂದುವನ್ನು ಮೊದಲೇ ಇಟ್ಟುಕೊಂಡಿರಿ. ಒಳಗೆ ಬಂದರೆ 90ಕ್ಕಿಂತ ಹೆಚ್ಚು, ಹೊರಗೆ ಹೋದರೆ ಕಡಿಮೆ. ಗಡಿ ದಾಟುವ ಜಾಗದಲ್ಲಿ ಮಾತ್ರ ಸರಿಯಾಗಿ 90. ಈಗ ಮಕ್ಕಳಿಗೆ ಪ್ರಮೇಯ ಯಾಕೆ ವೃತ್ತದ ಬಗ್ಗೆ ಮಾತಾಡುತ್ತಿದೆ ಅನ್ನುವುದು ಕಾಣುತ್ತದೆ.

ಒಬ್ಬ ತುಂಟ ಎದ್ದು ಕೇಳುತ್ತಾನೆ: 'ಮಿಸ್, ಕಣ್ಣಾರೆ ನೋಡಿದೆವಲ್ಲ, ಇನ್ನು ಸಾಧನೆ ಯಾಕೆ?' ಅವನಿಗೆ ಹೇಳಿ: ನಿಜವಾದ ಕೋನ 89.998 ಇದ್ದರೂ ಎರಡು ದಶಮಾಂಶ ತೋರಿಸುವ ಪರದೆ 90.00 ಅಂತಲೇ ತೋರಿಸುತ್ತದೆ. ಹೇಳಿ ಪ್ರೊಜೆಕ್ಟರ್ ಆಫ್ ಮಾಡಿ. ಬೋರ್ಡಿಗೆ ಹೋಗಿ ಕೇಂದ್ರದಿಂದ ಸಿಗೆ ಒಂದು ತ್ರಿಜ್ಯ ಎಳೆಯಿರಿ. ಎರಡು ಸಮದ್ವಿಬಾಹು ತ್ರಿಭುಜ ಎದ್ದು ಬರುತ್ತವೆ. ಮುಂದಿನದು ನಿಮಗೆ ಗೊತ್ತೇ ಇದೆ.

ಇನ್ನೊಂದು ಹೇಳಿಬಿಡುತ್ತೇನೆ, ನನಗೆ ತುಂಬ ಇಷ್ಟವಾದದ್ದು. ಹತ್ತನೇ ತರಗತಿಗೆ ವೈ = ಎಎಕ್ಸ್² + ಬಿಎಕ್ಸ್ + ಸಿ ರೇಖೆ ಹಾಕಿ, ಮೂರು ಅಕ್ಷರಕ್ಕೂ ಬೆಲೆ ಏರಿಸಿ ಇಳಿಸಲು ಒಂದೊಂದು ಸ್ಲೈಡರ್ ಇಡಿ. ಎ ಬದಲಾದರೆ ಬಾಯಿ ಅಗಲವಾಗುವುದು, ಕಿರಿದಾಗುವುದು ಮಕ್ಕಳು ಊಹಿಸುತ್ತಾರೆ. ಸಿ ಬದಲಾದರೆ ಇಡೀ ರೇಖೆ ಮೇಲೆ ಕೆಳಗೆ ಹೋಗುತ್ತದೆ, ಅದೂ ಸುಲಭ. ಬಿ? ಎಲ್ಲರೂ 'ಎಡಕ್ಕೆ ಬಲಕ್ಕೆ ಜರುಗುತ್ತೆ' ಅನ್ನುತ್ತಾರೆ. ಶೃಂಗಬಿಂದು ಹೋದ ದಾರಿಯ ಗುರುತು ಉಳಿಯುವಂತೆ ಅದಕ್ಕೆ ಟ್ರೇಸ್ ಹಾಕಿ ಬಿ ಸ್ಲೈಡರ್ ಎಳೆಯಿರಿ. ಅದು ಇನ್ನೊಂದು ಪರವಲಯದ ಮೇಲೆ, ಅದೂ ತಲೆಕೆಳಗಾದ ಪರವಲಯದ ಮೇಲೆ ಓಡಾಡುತ್ತದೆ! ಯಾಕೆ ಅಂತ ಬಿಡಿಸಿಕೊಂಡು ಬರಲು ಮನೆಗೆಲಸ ಕೊಡಿ. ಉತ್ತರ ವೈ = ಸಿ – ಎಎಕ್ಸ್².

ಇದಕ್ಕೆಲ್ಲ ಒಂದು ಪೀರಿಯಡ್ಡಿನಲ್ಲಿ ಹತ್ತು ನಿಮಿಷ ಸಾಕು. ಹಾಜರಿ ಕರೆಯುವ ಮೊದಲೇ ಪ್ರೊಜೆಕ್ಟರ್ ಹಾಕಿಡಿ, ಅದು ಬಿಸಿಯಾಗುವಷ್ಟರಲ್ಲಿ ಹಾಜರಿ ಮುಗಿದಿರುತ್ತದೆ. ಪವರ್‌ಪಾಯಿಂಟ್ ಬಿಡಲಾರೆ ಅಂತಿದ್ದರೆ ಒಂದು ಗುಟ್ಟು: ಸ್ಲೈಡ್ ಶೋ ನಡೆಯುವಾಗ ಕೀಬೋರ್ಡಿನಲ್ಲಿ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ವಾಪಸ್ ಬರುತ್ತದೆ. ನೀವು ಮಾತಾಡುವಾಗ ಮಕ್ಕಳು ನಿಮ್ಮನ್ನು ನೋಡಬೇಕಾದರೆ ಅದನ್ನು ಒತ್ತಿ.

ಮೇಡಂ, ನಮ್ಮ ಸರ್ ವಿಡಿಯೋ ಹಾಕಿ ಹಿಂದಿನ ಬೆಂಚಲ್ಲಿ ಕೂತು ಪೇಪರ್ ತಿದ್ದುತ್ತಾರೆ. ಪೀರಿಯಡ್ ಪೂರ್ತಿ ವಿಡಿಯೋ. ಇದಕ್ಕೂ ಟೆಕ್ನಾಲಜಿ ಅಂತಾರಾ?
— ಹತ್ತನೇ ತರಗತಿ ವಿದ್ಯಾರ್ಥಿ

ಅಂತಾರೆ ಪುಟ್ಟಾ. ರಿಜಿಸ್ಟರಿನಲ್ಲಿ ಹಾಗೆಯೇ ಬರೆದುಕೊಳ್ಳುತ್ತಾರೆ. ನಿನ್ನ ಪತ್ರ ನಿಮ್ಮ ಸರ್ ಕಣ್ಣಿಗೆ ಬೀಳಲಿ ಅಂತಲೇ ಹಾಕಿದ್ದೇನೆ. ನೀನು ಯಾರು ಅಂತ ಗೊತ್ತಾಗುವುದಿಲ್ಲ, ಹೆದರಬೇಡ.

ಈಗ ಸರ್‌ಗೆ ಎರಡು ಮಾತು. ಆನ್‌ಲೈನ್ ಕೋರ್ಸುಗಳ ವಿಡಿಯೋಗಳನ್ನು ಜನ ಎಷ್ಟು ಹೊತ್ತು ನೋಡುತ್ತಾರೆ ಅಂತ ಸಂಶೋಧಕ ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಲೆಕ್ಕ ಹಾಕಿದರು. ವಿಡಿಯೋ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ಆರು ನಿಮಿಷದ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ತಾವಾಗಿಯೇ ಕಲಿಯಲು ಬಂದ ದೊಡ್ಡವರ ಪಾಡೇ ಇದು.

ಒಂದು ನಿಮಿಷವೂ ಇಲ್ಲದ ತುಣುಕಿನಿಂದ ಇಡೀ ಪಾಠ ಎಬ್ಬಿಸಬಹುದು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಗರಿ ಹಿಡಿದು ಒಟ್ಟಿಗೆ ಬಿಟ್ಟರು. ಬಿಡುವ ಕ್ಷಣಕ್ಕೆ ವಿಡಿಯೋ ನಿಲ್ಲಿಸಿ. ಸೌಂಡ್ ಮೊದಲೇ ಆಫ್ ಇರಲಿ, ಇಲ್ಲದಿದ್ದರೆ ಅವರೇ ಉತ್ತರ ಹೇಳಿಬಿಡುತ್ತಾರೆ. ಯಾವುದು ಮೊದಲು ಬೀಳುತ್ತದೆ ಅಂತ ಮಕ್ಕಳು ಬರೆಯಲಿ. 'ಗಾಳಿ ಇಲ್ಲದ ಕಡೆ ಗುರುತ್ವವೂ ಇಲ್ಲ, ಎರಡೂ ತೇಲುತ್ತವೆ' ಅಂತ ಬರೆದವರು ಖಂಡಿತ ಸಿಗುತ್ತಾರೆ. ಆ ಉತ್ತರವೇ ನಿಮಗೆ ಬೇಕಾದದ್ದು. ಎರಡೂ ಒಟ್ಟಿಗೆ ಬಿದ್ದ ಮೇಲೆ ಇನ್ನೊಮ್ಮೆ ಹಾಕಿ ಕೇಳಿ: 'ಇಷ್ಟು ನಿಧಾನವಾಗಿ ಯಾಕೆ ಬಿತ್ತು?' ಚಂದ್ರನ ಗುರುತ್ವ ಇಲ್ಲಿಯ ಆರನೇ ಒಂದು ಭಾಗ ಅನ್ನುವುದಕ್ಕೆ ಅಲ್ಲಿಂದಲೇ ದಾರಿ.

ಪೇಪರ್ ಆಮೇಲೆ ತಿದ್ದಿಕೊಳ್ಳಿ ಸರ್.

ನಮ್ಮ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಇರುವುದು ನನ್ನ ಜೇಬಿನ ಒಂದು ಫೋನ್. ಬೇರೆ ಶಾಲೆಯವರ ಫೋಟೋ ನೋಡಿದರೆ ಹೊಟ್ಟೆ ಉರಿಯುತ್ತದೆ.
— ವಿಜ್ಞಾನ ಶಿಕ್ಷಕ

ಫೋಟೋ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ ಸರ್. ಫೋಟೋದಲ್ಲಿ ಬೋರ್ಡ್ ಮಾತ್ರ ಕಾಣುತ್ತದೆ.

ಜೇಬಿನಲ್ಲಿ ಇರುವುದು ಫೋನ್ ಅಂದಿರಿ. ವಿಜ್ಞಾನದವರಿಗೆ ಅದೊಂದು ಅಳತೆಯ ಪೆಟ್ಟಿಗೆ. ಒಳಗೆ ವೇಗೋತ್ಕರ್ಷ ಅಳೆಯುವ ಸೆನ್ಸರ್ ಇದೆ, ಮೈಕ್ ಇದೆ, ಬಹಳ ಫೋನುಗಳಲ್ಲಿ ಕಾಂತಕ್ಷೇತ್ರ ಅಳೆಯುವುದೂ ಇದೆ. ಅವನ್ನೆಲ್ಲ ಪಾಠಕ್ಕೆ ಬಳಸಲು ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಬಿಟ್ಟರು. ನೆಟ್ ಇರುವ ಕಡೆ ಒಮ್ಮೆ ಇಳಿಸಿಕೊಂಡರೆ ಆಯಿತು, ಅಳೆಯುವುದಕ್ಕೆ ನೆಟ್ ಬೇಡ.

ಗುರುತ್ವ ವೇಗೋತ್ಕರ್ಷ 9.8 ಅಂತ ನಾವು ಬಾಯಿಪಾಠ ಮಾಡಿಸುತ್ತೇವೆ. ಈ ಆ್ಯಪಿನಲ್ಲಿ ಸದ್ದಿಗೆ ಓಡುವ, ಸದ್ದಿಗೆ ನಿಲ್ಲುವ ಒಂದು ಸ್ಟಾಪ್‌ವಾಚ್ ಇದೆ. ಊದಿದ ಬಲೂನಿಗೆ ಒಂದು ಸಣ್ಣ ಭಾರ ಕಟ್ಟಿ, ಭಾರದ ತಳ ನೆಲದಿಂದ 1.25 ಮೀಟರ್ ಮೇಲೆ ಇರುವಂತೆ ಹಿಡಿಸಿ. ಕೆಳಗೆ ಒಂದು ತಗಡು ಹಾಸಿ, ಪಕ್ಕದಲ್ಲಿ ಫೋನ್ ಇಡಿ. ಬಲೂನಿಗೆ ಸೂಜಿ ಚುಚ್ಚಿ. ಒಡೆದ ಸದ್ದಿಗೆ ಗಡಿಯಾರ ಓಡುತ್ತದೆ, ತಗಡಿನ ಸದ್ದಿಗೆ ನಿಲ್ಲುತ್ತದೆ. 0.505 ಸೆಕೆಂಡಿನ ಆಸುಪಾಸು ಬರಬೇಕು. ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿ, 9.8 ಬರುತ್ತದೆ. ಒಂದೊಂದು ಸಲ 9.3, ಇನ್ನೊಂದು ಸಲ 10.2 ಬರಬಹುದು. ಬರಲಿ! ಯಾಕೆ ಬಂತು ಅಂತ ಮಕ್ಕಳು ಜಗಳ ಆಡಲಿ. ಎತ್ತರವನ್ನು ಭಾರದ ತಳದಿಂದ ಅಳೆದೆವಾ, ಮೇಲಿನಿಂದ ಅಳೆದೆವಾ ಅನ್ನುವ ಜಗಳ ಪುಸ್ತಕದ ಯಾವ ಪುಟದಲ್ಲೂ ಸಿಗುವುದಿಲ್ಲ.

ಈ ಪ್ರಯೋಗದಲ್ಲಿ ಇನ್ನೊಂದು ಲಾಭ ಇದೆ. ಯಾರಾದರೂ ಪಿಸುಗುಟ್ಟಿದರೂ ಗಡಿಯಾರ ತಪ್ಪು ಹೊತ್ತಿಗೆ ಓಡಿಬಿಡಬಹುದು. ಹಾಗಾಗಿ ನೀವು ಹೇಳದೆಯೇ ತರಗತಿ ಉಸಿರು ಬಿಗಿಹಿಡಿದು ಕೂರುತ್ತದೆ. ಬಾಯ್ಮುಚ್ಚಿ ಅಂತ ಮೇಜು ಬಡಿಯುವುದಕ್ಕಿಂತ ಎಷ್ಟೋ ಮೇಲು.

ಸ್ಟಾಫ್ ರೂಮಿನಲ್ಲಿ ಇನ್ನೊಬ್ಬರ ಫೋನ್ ಸಿಕ್ಕಿದರೆ ಶಬ್ದದ ವೇಗವನ್ನೂ ಅಳೆಯಬಹುದು. ಐದು ಮೀಟರ್ ದೂರದಲ್ಲಿ ಇಬ್ಬರು ಮಕ್ಕಳು, ಒಬ್ಬೊಬ್ಬರ ಹತ್ತಿರ ಒಂದೊಂದು ಫೋನ್, ಎರಡರಲ್ಲೂ ಅದೇ ಸ್ಟಾಪ್‌ವಾಚ್. ಮೊದಲನೆಯವಳು ತನ್ನ ಫೋನಿನ ಪಕ್ಕ ಚಪ್ಪಾಳೆ ಹೊಡೆಯಲಿ. ಅವಳ ಗಡಿಯಾರ ಕೂಡಲೇ ಓಡುತ್ತದೆ, ಆಚೆಯದು ಸದ್ದು ತಲುಪಿದ ಮೇಲೆ. ಸ್ವಲ್ಪ ಬಿಟ್ಟು ಎರಡನೆಯವನು ಹೊಡೆಯಲಿ. ಅವನದು ಕೂಡಲೇ ನಿಲ್ಲುತ್ತದೆ, ಇವಳದು ತಡವಾಗಿ. ಎರಡು ಗಡಿಯಾರಗಳ ವ್ಯತ್ಯಾಸ ಅಂದರೆ ಸದ್ದು ಹೋಗಿ ಬರುವ ಹತ್ತು ಮೀಟರಿನ ಕಾಲ, ಸುಮಾರು 0.03 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 340 ಮೀಟರಿನ ಹತ್ತಿರ ಬರುತ್ತದೆ.

ಓದುವುದಕ್ಕೆ ಸಾಮಗ್ರಿ ಬೇಕಾದರೆ ಕಿವಿಕ್ಸ್ ಅಂತ ಇದೆ. 2007ರಲ್ಲಿ ಶುರುವಾದದ್ದು. ವಿಕಿಪೀಡಿಯವನ್ನು ಪೂರ್ತಿಯಾಗಿ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ಓದಬಹುದು. ನಿಮಗೆ ಬೇಕಾದ ಭಾಷೆ, ಚಿತ್ರ ಇಲ್ಲದ ಆವೃತ್ತಿ ಆರಿಸಿಕೊಂಡರೆ ಜಾಗ ಕಡಿಮೆ ಸಾಕು.

ವಿದ್ಯುತ್ ಮಂಡಲದ ಪಾಠಕ್ಕೆ ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಶನ್ ಇದೆಯಲ್ಲ, ಇನ್ನು ಬಲ್ಬು, ವೈರು ಯಾಕೆ ಅಂತ ನಮ್ಮ ಮುಖ್ಯೋಪಾಧ್ಯಾಯರು ಲ್ಯಾಬಿನ ಖರ್ಚಿಗೆ ಕತ್ತರಿ ಹಾಕುತ್ತಿದ್ದಾರೆ. ಏನು ಉತ್ತರ ಕೊಡಲಿ?
— ಭೌತಶಾಸ್ತ್ರ ಶಿಕ್ಷಕಿ

ಸಿಮ್ಯುಲೇಶನ್ನಿನಲ್ಲಿ ವೈರು ಯಾವತ್ತೂ ಸಡಿಲ ಆಗುವುದಿಲ್ಲ ಅಂತ ಹೇಳಿ.

ನೀವು ಹೇಳುತ್ತಿರುವುದು ಬಹುಶಃ ಫೆಟ್ ಸಿಮ್ಯುಲೇಶನ್ ಇರಬೇಕು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್, ಮರುವರ್ಷ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಬಹಳ ಒಳ್ಳೆಯ ಸಾಮಾನು, ಉಚಿತ, ಇಳಿಸಿಟ್ಟುಕೊಂಡು ನೆಟ್ ಇಲ್ಲದೆಯೂ ನಡೆಸಬಹುದು. ನಾನೂ ದಿನಾ ಬಳಸುತ್ತೇನೆ. ಆದರೆ ಎರಡಕ್ಕೂ ಕೆಲಸ ಬೇರೆ.

ಸರಣಿಯಲ್ಲಿ ಎರಡು ಬಲ್ಬು ಜೋಡಿಸಿದರೆ, ಮೊದಲ ಬಲ್ಬು ಸ್ವಲ್ಪ ಕರೆಂಟು 'ತಿಂದು' ಉಳಿದದ್ದನ್ನು ಎರಡನೆಯದಕ್ಕೆ ಬಿಡುತ್ತದೆ ಅಂತ ಮಕ್ಕಳು ನಂಬಿರುತ್ತಾರೆ. ಎಷ್ಟು ಹೇಳಿದರೂ ಹೋಗದ ನಂಬಿಕೆ. ಮೊದಲು ನಿಜವಾದ ಸೆಲ್ಲು, ಬಲ್ಬು, ವೈರು ಕೈಗೆ ಕೊಡಿ. ಎರಡೂ ಒಂದೇ ಥರ ಉರಿಯುವುದನ್ನು ನೋಡಲಿ. 'ಹಾಗಾದರೆ ತಿಂದದ್ದು ಯಾರು?' ಅಂತ ಕೇಳಿ. ಒಳಗೆ ಏನು ನಡೆಯುತ್ತಿದೆ ಅನ್ನುವುದು ನಿಜವಾದ ವೈರಿನಲ್ಲಿ ಕಾಣುವುದಿಲ್ಲ, ಈಗ ಸಿಮ್ಯುಲೇಶನ್ ತೆರೆಯಿರಿ. ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಬಲ್ಬಿನ ಈಚೆಗೂ ಆಚೆಗೂ ಒಂದೇ ವೇಗದಲ್ಲಿ ಹೋಗುವುದು ಕಾಣುತ್ತದೆ. ಅಮ್ಮೀಟರ್ ಎಲ್ಲಿಟ್ಟರೂ ಒಂದೇ ಅಂಕೆ.

ಜೊತೆಗೆ ಒಂದು ಎಚ್ಚರಿಕೆ ಮಾತನ್ನೂ ಹೇಳಿ. ಪರದೆ ಮೇಲೆ ಚುಕ್ಕೆಗಳು ಓಡುವಷ್ಟು ಜೋರಾಗಿ ನಿಜವಾದ ಎಲೆಕ್ಟ್ರಾನು ಸಾಗುವುದಿಲ್ಲ. ಸಾಮಾನ್ಯ ತಾಮ್ರದ ವೈರಿನಲ್ಲಿ ಅದು ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಸರಿಯುವುದಿಲ್ಲ. ಹಾಗಾದರೆ ಸ್ವಿಚ್ ಹಾಕಿದ ಕೂಡಲೇ ಬಲ್ಬು ಹೇಗೆ ಹತ್ತುತ್ತದೆ ಅಂತ ಮಕ್ಕಳೇ ಕೇಳುತ್ತಾರೆ. ಆ ಪ್ರಶ್ನೆ ಬಂದರೆ ನಿಮ್ಮ ಪಾಠ ಗೆದ್ದ ಹಾಗೆ.

ಮುಖ್ಯೋಪಾಧ್ಯಾಯರನ್ನು ಒಮ್ಮೆ ಲ್ಯಾಬಿಗೆ ಕರೆದು, ಕೆಟ್ಟ ಬಲ್ಬು ಯಾವುದು ಅಂತ ಹುಡುಕುತ್ತಿರುವ ಮಕ್ಕಳನ್ನು ತೋರಿಸಿ. ಕತ್ತರಿ ಕೆಳಗಿಡಬಹುದು.

ಕ್ವಿಜ್ ಆ್ಯಪ್ ಅಂದರೆ ನಮ್ಮ ಮಕ್ಕಳಿಗೆ ಪ್ರಾಣ. ಮ್ಯೂಸಿಕ್ಕು, ಕಿರುಚಾಟ, ಸ್ಕೋರ್‌ಬೋರ್ಡು. ಆದರೆ ವಾರ ಬಿಟ್ಟು ಕೇಳಿದರೆ ಅದೇ ಪ್ರಶ್ನೆಗೆ ಬ್ಬೆಬ್ಬೆಬ್ಬೆ.
— ಜೀವಶಾಸ್ತ್ರ ಶಿಕ್ಷಕ

ವಾರ ಬಿಟ್ಟು ಕೇಳಿದಿರಲ್ಲ, ಅದನ್ನು ಬಿಡಬೇಡಿ. ಕ್ವಿಜ್‌ನ ಉಪಯೋಗ ಇರುವುದೇ ಅಲ್ಲಿ.

ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಮಾಡಿದಾಗ ಬರೆದವರು ಮುಂದೆ. ನೆನಪಿನಿಂದ ಎಳೆದು ತೆಗೆಯುವ ಕಷ್ಟವೇ ಕಲಿಸುತ್ತದೆ.

ಆ್ಯಪ್ ಇಟ್ಟುಕೊಳ್ಳಿ, ಟೈಮರ್ ಬಿಟ್ಟುಬಿಡಿ. ವೇಗಕ್ಕೆ ಅಂಕ ಕೊಟ್ಟರೆ ಮಕ್ಕಳು ಊಹೆ ಮಾಡಿ ಒತ್ತುತ್ತಾರೆ. ಇವತ್ತಿನ ಐದು ಪ್ರಶ್ನೆಯಲ್ಲಿ ಎರಡು ಹೋದ ವಾರದ್ದು, ಒಂದು ಹೋದ ತಿಂಗಳದ್ದು ಇರಲಿ.

ಇನ್ನೂ ಚೆನ್ನಾದ ದಾರಿ ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರದ್ದು. 1991ರಿಂದ ಅವರು ತರಗತಿಯಲ್ಲಿ ಒಂದು ಪ್ರಶ್ನೆ ಹಾಕಿ, ಒಬ್ಬೊಬ್ಬರೂ ಉತ್ತರ ಆರಿಸಿದ ಮೇಲೆ 'ಪಕ್ಕದವರನ್ನು ಒಪ್ಪಿಸಿ' ಅನ್ನುತ್ತಾರೆ. ಆಮೇಲೆ ಮತ್ತೆ ಓಟು. ಸರಿ ಹೇಳಿದವರು ನೂರಕ್ಕೆ 30ರಿಂದ 70 ಇದ್ದಾಗ ಈ ಮಾತುಕತೆಗೆ ಬಲ ಜಾಸ್ತಿ. ಅದಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಇನ್ನೊಮ್ಮೆ ಮಾಡಿ. ಮಕ್ಕಳ ಕೈಯಲ್ಲಿ ಫೋನ್ ಬೇಡ. ಪ್ಲಿಕರ್ಸ್ ಅಂತ ಒಂದಿದೆ: ಮಕ್ಕಳು ಕಾಗದದ ಕಾರ್ಡು ಹಿಡಿಯುತ್ತಾರೆ, ಯಾವ ಬದಿ ಮೇಲಿದೆ ಅನ್ನುವುದೇ ಉತ್ತರ, ನೀವು ನಿಮ್ಮ ಫೋನಿನ ಕ್ಯಾಮೆರಾದಿಂದ ಇಡೀ ತರಗತಿಯನ್ನು ಒಮ್ಮೆ ಸವರಿದರೆ ಎಣಿಕೆ ಬರುತ್ತದೆ. ಅದೂ ಇಲ್ಲದಿದ್ದರೆ ನಾಲ್ಕು ಬಣ್ಣದ ಕಾಗದ.

ಪ್ರಬಂಧ ಬರೆದುಕೊಂಡು ಬನ್ನಿ ಅಂದರೆ ಚಾಟ್‌ಜಿಪಿಟಿಯಿಂದ ಇಳಿಸಿಕೊಂಡು ಬರುತ್ತಾರೆ. ಒಂದು ಕಾಗುಣಿತ ತಪ್ಪಿಲ್ಲ, ಒಂದು ಸ್ವಂತ ಮಾತಿಲ್ಲ. ಇದನ್ನು ಹಿಡಿಯುವ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಮೇಡಂ?
— ಭಾಷಾ ಶಿಕ್ಷಕಿ

ಯಾವುದೂ ಬೇಡ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂತು. ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಹಿಡಿಯುವ ಸಾಧನವನ್ನೂ ಬಿಟ್ಟಿತು. ಕಂಪನಿಯೇ ಕೊಟ್ಟ ಲೆಕ್ಕದ ಪ್ರಕಾರ ಯಂತ್ರ ಬರೆದದ್ದರಲ್ಲಿ ನೂರಕ್ಕೆ 26ನ್ನು ಮಾತ್ರ ಅದು ಹಿಡಿಯುತ್ತಿತ್ತು. ಮನುಷ್ಯರು ಬರೆದದ್ದರಲ್ಲಿ ನೂರಕ್ಕೆ 9ನ್ನು ಯಂತ್ರದ್ದು ಅನ್ನುತ್ತಿತ್ತು. ನಿಖರತೆ ಸಾಲದು ಅಂತ ಅದೇ ಜುಲೈಯಲ್ಲಿ ಅದನ್ನು ಮುಚ್ಚಿದರು. ಅಂಥ ಸಾಧನವನ್ನು ನಂಬಿ, ಕಷ್ಟಪಟ್ಟು ಬರೆದ ಒಂದು ಹುಡುಗಿಗೆ 'ನೀನು ಕದ್ದಿದ್ದೀಯ' ಅಂದರೆ ಅವಳು ಮತ್ತೆ ನಿಮಗಾಗಿ ಬರೆಯುವುದಿಲ್ಲ.

ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. 'ಪರಿಸರ ಮಾಲಿನ್ಯ', 'ಸಮಯದ ಮಹತ್ವ' ಅಂತ ವಿಷಯ ಕೊಟ್ಟಾಗ ಮಕ್ಕಳು ಹಿಂದೆಯೂ ಇಳಿಸಿಕೊಂಡೇ ಬರುತ್ತಿದ್ದರು. ಆಗ ಗೈಡಿನಿಂದ, ಅಕ್ಕನ ನೋಟ್ಸಿನಿಂದ. ಆಗ ನಮಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಯಂತ್ರಕ್ಕೆ ಗೊತ್ತಿರದ ವಿಷಯ ಕೊಡಿ: ನಿಮ್ಮ ಬೆಂಚಿನಿಂದ ಕಿಟಕಿ ಆಚೆ ಏನು ಕಾಣುತ್ತದೆ, ಮನೆಯಲ್ಲಿ ಯಾರೂ ಎಸೆಯಲು ಬಿಡದ ಹಳೆಯ ಸಾಮಾನು ಯಾವುದು, ಯಾಕೆ ಬಿಡುವುದಿಲ್ಲ. ಮೊದಲ ಪ್ಯಾರಾ ತರಗತಿಯಲ್ಲೇ ಕೈಬರಹದಲ್ಲಿ ಆಗಲಿ. ಮನೆಯಿಂದ ಪೂರ್ತಿ ಮಾಡಿಕೊಂಡು ಬಂದ ಮೇಲೆ ದಿನಕ್ಕೆ ನಾಲ್ಕೈದು ಮಕ್ಕಳನ್ನು ಹತ್ತಿರ ಕರೆದು ಎರಡು ನಿಮಿಷ ಮಾತಾಡಿ. 'ಮೂರನೇ ಪ್ಯಾರಾದಲ್ಲಿ ಈ ಮಾತು ಯಾಕೆ ಹಾಕಿದೆ?' ಬರೆದವಳಿಗೆ ಉತ್ತರ ಇರುತ್ತದೆ. ಇಳಿಸಿಕೊಂಡವನು ನೆಲ ನೋಡುತ್ತಾನೆ. ಸಾಫ್ಟ್‌ವೇರ್ ಬೇಕಿಲ್ಲ.

ಯಂತ್ರವನ್ನು ತರಗತಿಗೆ ತರಲೇಬಾರದು ಅಂತಲೂ ಅಲ್ಲ. ನೀವು ಮಾಡಿದ ಒಂದು ಪದ್ಯದ ಸಾರಾಂಶ ಬರೆಯಲು ನಿಮ್ಮ ಖಾತೆಯಿಂದ ನೀವೇ ಅದಕ್ಕೆ ಹೇಳಿ. ಬಂದದ್ದನ್ನು ಪ್ರಿಂಟ್ ತೆಗೆದು ಮಕ್ಕಳ ಕೈಗೆ ಕೆಂಪು ಪೆನ್ನಿನ ಜೊತೆ ಕೊಡಿ. ಅದು ಮುಂದಿನ ಪದ ಯಾವುದು ಬರಬಹುದು ಅಂತ ಲೆಕ್ಕ ಹಾಕಿ ಬರೆಯುತ್ತದೆ. ಗೊತ್ತಿಲ್ಲದ ಕಡೆ ಅಷ್ಟೇ ಧೈರ್ಯದಿಂದ ಕಟ್ಟಿ ಹೇಳುತ್ತದೆ. ಪದ್ಯದಲ್ಲಿ ಇಲ್ಲದ ಸಾಲು, ಕವಿಯ ಬಗ್ಗೆ ತಪ್ಪು ಮಾತು ಸಿಕ್ಕಿದರೆ ಮಕ್ಕಳಿಗೆ ಮೇಷ್ಟ್ರ ತಪ್ಪು ಹಿಡಿದಷ್ಟು ಖುಷಿ. ಹಿಡಿಯಬೇಕಾದರೆ ಪದ್ಯವನ್ನು ಸರಿಯಾಗಿ ಓದಿರಬೇಕು, ಅಲ್ವಾ? ಮಕ್ಕಳಿಗೇ ಖಾತೆ ಮಾಡಿಕೊಡುವ ಮೊದಲು ನಿಯಮ ನೋಡಿ. 13 ದಾಟಿರಬೇಕು, 18ರ ಒಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಆ ಕಂಪನಿಯೇ ಹೇಳುತ್ತದೆ.

ಮಕ್ಕಳಿಗೆ ನನಗಿಂತ ಚೆನ್ನಾಗಿ ಫೋನ್ ಗೊತ್ತು. ಸಮಾಜ ಪಾಠಕ್ಕೆ ನೆಟ್‌ನಲ್ಲಿ ಹುಡುಕಿಸಿದರೆ ಅವರ ಮುಂದೆ ನಾನೇ ದಡ್ಡನಾಗುತ್ತೇನೆ ಅಂತ ಭಯ.
— ಸಮಾಜ ವಿಜ್ಞಾನ ಶಿಕ್ಷಕ

ಬೆರಳು ಓಡಿಸುವುದು ಅವರಿಗೆ ಗೊತ್ತು. ಸಿಕ್ಕಿದ್ದನ್ನು ನಂಬಬಹುದಾ ಅನ್ನುವುದು ಗೊತ್ತಿಲ್ಲ. ದೊಡ್ಡವರಿಗೂ ಗೊತ್ತಿಲ್ಲ, ಬಿಡಿ. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ 10 ಇತಿಹಾಸಕಾರರು, 10 ಸತ್ಯಪರಿಶೀಲಕರು, 25 ವಿದ್ಯಾರ್ಥಿಗಳಿಗೆ ಕೆಲವು ವೆಬ್‌ಸೈಟ್ ಕೊಟ್ಟು ಎಷ್ಟು ನಂಬಬಹುದು ಅಂತ ಕೇಳಿದರು. ಪಿಎಚ್‌ಡಿ ಮಾಡಿದವರೂ ಚೆಂದದ ಲೋಗೋ, ಗಂಭೀರವಾದ ಹೆಸರು ನೋಡಿ ಮೋಸಹೋದರು. ಸತ್ಯಪರಿಶೀಲಕರು ಆ ಪುಟವನ್ನು ಓದುತ್ತ ಕೂರಲಿಲ್ಲ. ಕೂಡಲೇ ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆ ಯಾರದ್ದು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು.

ಅದನ್ನೇ ಕಲಿಸಿ. ಒಂದು ಪುಟ ತೆರೆಯಿರಿ, ಓದುವ ಮೊದಲು 'ಇದನ್ನು ಬರೆಸಿದವರು ಯಾರು?' ಅಂತ ಪಕ್ಕದ ಟ್ಯಾಬಿನಲ್ಲಿ ಹುಡುಕಿಸಿ. ಬೆರಳು ಓಡಿಸುವ ಕೆಲಸ ಅವರದ್ದು, ಕೇಳುವ ಕೆಲಸ ನಿಮ್ಮದು. ಕೇಬಲ್ ಸಿಕ್ಕಿಸುವುದು, ಸೌಂಡ್ ಬರದಿದ್ದರೆ ಒದ್ದಾಡುವುದು ಇದಕ್ಕೆಲ್ಲ ಇಬ್ಬರು ಮಕ್ಕಳನ್ನು ನೇಮಿಸಿಬಿಡಿ. ವಾರಕ್ಕೊಮ್ಮೆ ಬೇರೆ ಇಬ್ಬರು. ಹುಡುಗಿಯರಿಗೂ ಸರದಿ ಬರಲಿ, ಯಾಕೋ ಈ ಕೆಲಸಕ್ಕೆ ಹುಡುಗರೇ ಮೊದಲು ಓಡುತ್ತಾರೆ.

ನನ್ನ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ಹುಡುಗ ಇದ್ದಾನೆ. ನಾನು ಪರದೆ ಬಳಸಿದಷ್ಟೂ ಅವನು ದೂರವಾಗುತ್ತಿದ್ದಾನೆ ಅನ್ನಿಸುತ್ತಿದೆ.
— ಗಣಿತ ಶಿಕ್ಷಕ

ನಿಮಗೆ ಹಾಗನ್ನಿಸಿದ್ದು ಸರಿ. 'ಇದು ಇಲ್ಲಿಂದ ಅಲ್ಲಿಗೆ ಹೋಯಿತು ನೋಡಿ' ಅನ್ನುವ ಮಾತು ಅವನಿಗೆ ಏನೂ ಹೇಳುವುದಿಲ್ಲ. 'ಸಿ ಬಿಂದು ವೃತ್ತದ ಮೇಲೆ ಎ ಕಡೆ ಜರುಗಿತು, ಕೋನ 90 ಇದ್ದದ್ದು 90 ಆಗಿಯೇ ಇದೆ' ಅನ್ನಿ. ಹೀಗೆ ಬಿಡಿಸಿ ಹೇಳಿದರೆ ಕಣ್ಣಿರುವವರಿಗೂ ಚೆನ್ನಾಗಿ ತಲುಪುತ್ತದೆ. ಜೊತೆಗೆ ಒಂದು ಹಲಗೆ, ಪಿನ್ನು, ದಾರ ಕೊಡಿ. ವೃತ್ತದಂತೆ ಪಿನ್ ಚುಚ್ಚಿ, ವ್ಯಾಸದ ಎರಡು ತುದಿಯಿಂದ ದಾರ ಎಳೆದು, ಒಂದು ಚೌಕದ ಮೂಲೆಯನ್ನು ಕೋನಕ್ಕೆ ಇಟ್ಟು ಅವನೇ ಮುಟ್ಟಿ ನೋಡಲಿ.

ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಕೊಡಿ. ಪರದೆಯ ಮೇಲಿನದ್ದನ್ನು ಓದಿ ಹೇಳುವ ಉಚಿತ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದರು, ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಒಂದು ಮಾತು ನೆನಪಿರಲಿ: ಪುಸ್ತಕದ ಪುಟದ ಫೋಟೋ ತೆಗೆದು ಕಳಿಸಿದರೆ ಅದು ನೇರವಾಗಿ ಓದುವುದಿಲ್ಲ. ಟೈಪ್ ಮಾಡಿದ ಅಕ್ಷರವೇ ಬೇಕು. ನೋಟ್ಸನ್ನು ಫೋಟೋ ಮಾಡಿ ಗ್ರೂಪಿಗೆ ಹಾಕುವ ಅಭ್ಯಾಸ ಎಲ್ಲರಿಗೂ ಇದೆ, ಅದಕ್ಕೇ ಹೇಳಿದೆ.

ಕೆಲವು ಚಿಕ್ಕ ಪ್ರಶ್ನೆಗಳು

ಮುಂದೆ ಮೇಷ್ಟ್ರೇ ಬೇಡ, ಯಂತ್ರವೇ ಪಾಠ ಮಾಡುತ್ತದೆ ಅಂತಾರಲ್ಲ?
ಇನ್ನು ಶಾಲೆಗಳಿಗೆ ಪುಸ್ತಕವೇ ಬೇಡವಾಗುತ್ತದೆ, ಎಲ್ಲ ಸಿನಿಮಾದಿಂದಲೇ ಕಲಿಸಬಹುದು ಅಂತ ಎಡಿಸನ್ 1913ರಲ್ಲಿ ಹೇಳಿದ್ದರು. ಆಮೇಲೆ ರೇಡಿಯೋ ಬಂತು, ಟಿವಿ ಬಂತು, 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಕಲಿಸುವ ಯಂತ್ರ ಬಂತು. ನೀವು ನಾಳೆಯ ಪಾಠ ತಯಾರು ಮಾಡಿಕೊಳ್ಳಿ.

ಆ್ಯಪ್ ಮಕ್ಕಳ ಹುಟ್ಟಿದ ದಿನ, ಫೋಟೋ, ಪೋಷಕರ ನಂಬರ್ ಎಲ್ಲ ಕೇಳುತ್ತದೆ. ಕೊಡಲಾ?
ಕೊಡಬೇಡಿ. ಹಾಜರಿ ಸಂಖ್ಯೆ ಹಾಕಿದರೆ ಕೆಲಸ ಆಗುತ್ತದಾ ನೋಡಿ. ಆಗದಿದ್ದರೆ ಬೇರೆ ಆ್ಯಪ್ ಹುಡುಕಿ.

ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಬರೆದುಕೊಳ್ಳಲು ಬಿಡಬಹುದಾ?
ಟೈಪ್ ಮಾಡುವವರು ಕೇಳಿದ್ದನ್ನು ಹಾಗೆ ಹಾಗೇ ಇಳಿಸಿಕೊಳ್ಳುತ್ತಾರೆ ಅಂತ ಮುಲ್ಲರ್, ಓಪನ್‌ಹೈಮರ್ ಅನ್ನುವ ಮನಶ್ಶಾಸ್ತ್ರಜ್ಞರು 2014ರಲ್ಲಿ ತೋರಿಸಿದರು. ಕೈಬರಹದವರಿಗೆ ಅಷ್ಟು ವೇಗ ಇಲ್ಲ, ಹಾಗಾಗಿ ಸಾರ ಹಿಡಿಯಬೇಕಾಗುತ್ತದೆ. ಅಂಕದ ವ್ಯತ್ಯಾಸ ಆಮೇಲಿನ ಪ್ರಯೋಗಗಳಲ್ಲಿ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಹೈಸ್ಕೂಲಿಗೆ ನಾನು ಪೆನ್ನೇ ಅನ್ನುತ್ತೇನೆ. ಲೆಕ್ಕ, ಚಿತ್ರ, ಬಾಣ ಟೈಪ್ ಮಾಡುವಷ್ಟರಲ್ಲಿ ಪೀರಿಯಡ್ ಮುಗಿಯುತ್ತದೆ.

ಸ್ಮಾರ್ಟ್ ಕ್ಲಾಸ್ ಬಳಸಿದ್ದಕ್ಕೆ ದಿನಾ ಫೋಟೋ ಕಳಿಸಬೇಕಂತೆ. ಪಾಠ ಮಾಡಲಾ, ಫೋಟೋ ತೆಗೆಯಲಾ?
ಒಂದು ಪೀರಿಯಡ್ಡಿನ ಮೊದಲ ನಿಮಿಷದಲ್ಲೇ ತೆಗೆದು ಕಳಿಸಿಬಿಡಿ. ಆಮೇಲೆ ಫೋನ್ ಚೀಲದಲ್ಲಿಟ್ಟು ಪಾಠ ಮಾಡಿ.

ಅರ್ಧದಲ್ಲಿ ಕರೆಂಟು ಹೋದರೆ?
ಮಕ್ಕಳು ಮೊದಲೇ ಊಹೆ ಬರೆದಿಟ್ಟಿದ್ದರೆ ಚಿಂತೆ ಇಲ್ಲ. ಯಾರು ಏನು ಬರೆದರು ಅಂತ ಓದಿಸಿ, ಯಾಕೆ ಅಂತ ವಾದ ಮಾಡಿಸಿ. ಕರೆಂಟು ಬರುವುದನ್ನು ಅವರೇ ಕಾಯುತ್ತಾರೆ.

ಮುಂದಿನ ಸಂಚಿಕೆಗೆ ಬರೆಯುವವರು ಯಾವ ತರಗತಿ, ಯಾವ ಪಾಠ, ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ದಯವಿಟ್ಟು ಬರೆಯಿರಿ. 'ಟೆಕ್ನಾಲಜಿ ಬಗ್ಗೆ ಏನಾದರೂ ಹೇಳಿ ಮೇಡಂ' ಅಂದರೆ ನನಗೆ ಏನೂ ತೋಚುವುದಿಲ್ಲ.